ಯಾರ್ ಕೇಳಿಸ್ಕಂಡ್ರು?

ಹೋದ ವರ್ಷ ಭರಮಸಾಗರದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಊಟದ ಹಾಲಿಗೆ ಹೋಗುವ ದಾರಿಯಲ್ಲೇ ಮುಯ್ಯಿ ಬರೆಯುವ ಟೇಬಲ್ಲು, ಅದರ ಮೇಲೆ ಅರಿಶಿನ ಹಚ್ಚಿದ ನೂರು ಪುಟದ ನೋಟ್‌ಬುಕ್ಕು, ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿಸಿದ ಕ್ಯೂಆರ್ ಕೋಡ್. ನಾನು ಫೋನ್ ತೆಗೆದು ಸ್ಕ್ಯಾನ್ ಮಾಡಿ, ಎರಡು ಸಾವಿರದ ಒಂದು ಹಾಕಿ, ಟಿಂಗ್ ಅಂದ ಮೇಲೆ ಊಟಕ್ಕೆ ಹೋಗಿ ಕೂತೆ. ಎಲೆ ತುದಿಗೆ ಉಪ್ಪು ಬೀಳುವಷ್ಟರಲ್ಲಿ ಅಜ್ಜಿ ಬಂದು ನಿಂತಿತು.

"ಓದ್ಸಿದ್ಯೇನಪ್ಪ?"

"ಹ್ಞೂ ಅಜ್ಜಿ, ಫೋನಲ್ಲೇ ಹಾಕ್ದೆ."

"ಹಾಕಿದ್ದು ಸರಿ. ಯಾರ್ ಕೇಳಿಸ್ಕಂಡ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಂಕಿನ ಸರ್ವರ್ ಕೇಳಿಸಿಕೊಂಡಿತು ಅಂತ ಹೇಳೋಕಾಗುತ್ತಾ? ಅಜ್ಜಿಗೆ ದುಡ್ಡು ತಲುಪಿದ್ದರ ಬಗ್ಗೆ ಅನುಮಾನವೇ ಇರಲಿಲ್ಲ. ತಲುಪಿದ್ದನ್ನು ನಾಲ್ಕು ಜನ ಕೇಳಿಸಿಕೊಳ್ಳಲಿಲ್ಲವಲ್ಲ ಅನ್ನೋದು ಅದರ ತಕರಾರು.

ನಮ್ಮ ಕಡೆ ಮದುವೆಗೆ ಹೋದವರು ಮುಯ್ಯಿ ಕೊಡುವುದಿಲ್ಲ, ಮುಯ್ಯಿ ಓದಿಸುತ್ತಾರೆ. ಮುಯ್ಯಿ ಅಂದರೆ ದಾನ ಅಲ್ಲ, ಒಂಥರಾ ಬಡ್ಡಿ ಇಲ್ಲದ ಸಾಲ. ಇವತ್ತು ನಿಮ್ಮ ಮನೆಗೆ ನಾನು ಇಟ್ಟದ್ದು ನಾಳೆ ನಮ್ಮನೆ ಮದುವೆಗೆ ವಾಪಸ್ಸು ಬರಬೇಕು, ಒಂದು ರೂಪಾಯಿ ಹೆಚ್ಚೇ ಆಗಿ. ಹಾಗಾಗಿ ಕೊಟ್ಟವರ ಹೆಸರು, ಊರು, ಮೊತ್ತವನ್ನು ಒಬ್ಬರು ಗಟ್ಟಿಯಾಗಿ ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಪುಸ್ತಕ ಗೆದ್ದಲು ತಿಂದರೂ ಕೇಳಿಸಿಕೊಂಡ ಕಿವಿಗಳು ಇರುತ್ತವೆ. ಇವತ್ತಿನ ಭಾಷೆಯಲ್ಲಿ ಇದನ್ನು ಬ್ಯಾಕಪ್ ಅಂತೀವಿ.

ಈ "ಓದಿಸು" ಅನ್ನೋ ಪದ ಆಮೇಲೆ ನನ್ನ ತಲೆಯಿಂದ ಹೋಗಲೇ ಇಲ್ಲ. ಓದುವುದು ಅಂದರೆ ನನಗೂ ನಿಮಗೂ ಮೆಟ್ರೋದಲ್ಲಿ ಕೂತು ತುಟಿ ಅಲ್ಲಾಡಿಸದೆ ಪರದೆ ನೋಡುವುದು. ಪದದ ಮೂಲ ಹಾಗಿಲ್ಲ. ತಮಿಳಿನ ಇದೇ ಬೇರಿನ ಪದಕ್ಕೆ ಇವತ್ತಿಗೂ ಪಠಿಸು ಅನ್ನೋ ಅರ್ಥ ಇದೆ. ಅಲ್ಲಿ ಶಿವನ ಗುಡಿಗಳಲ್ಲಿ ತೇವಾರದ ಹಾಡುಗಳನ್ನು ಹಾಡುವವರಿಗೆ 'ಓದುವಾರ್' ಅಂತಲೇ ಹೆಸರು. ನಮ್ಮಲ್ಲೂ ಹಳೇ ತಲೆಮಾರಿನವರಿಗೆ ಓದು ಅಂದರೆ ಬಾಯಿ ತೆರೆಯುವ ಕೆಲಸವೇ. ಸುಮ್ಮನೆ ಓದುವುದಕ್ಕೆ ನಾವು ಇನ್ನೊಂದು ಪದ ಸೇರಿಸಬೇಕು: ಮನಸ್ಸಲ್ಲೇ ಓದಿಕೊ. ಅಂದರೆ ಸದ್ದಿಲ್ಲದ ಓದು ಈ ಪದಕ್ಕೆ ಆಮೇಲೆ ಬಂದ ನೆಂಟ.

ಬೇರೆ ಕಡೆಯೂ ಹೆಚ್ಚುಕಡಿಮೆ ಇದೇ ಕತೆ. ನಾಲ್ಕನೇ ಶತಮಾನದ ಕೊನೆಗೆ ಇಟಲಿಯ ಮಿಲಾನ್ ಊರಿನಲ್ಲಿ ಬಿಷಪ್ ಆಂಬ್ರೋಸ್ ನಾಲಿಗೆ ಅಲ್ಲಾಡಿಸದೆ ಓದುತ್ತಿದ್ದುದನ್ನು ಸಂತ ಅಗಸ್ಟೀನ್ ಕಂಡು, ಅದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಡುವಷ್ಟು ಗಮನಿಸಿದ. ಆ ಕಾಲದಲ್ಲಿ ಮೌನವಾಗಿ ಓದುವುದು ನಿಜಕ್ಕೂ ಅಪರೂಪವಾಗಿತ್ತಾ ಅನ್ನೋದರ ಬಗ್ಗೆ ವಿದ್ವಾಂಸರು ಇನ್ನೂ ಜಗಳ ಆಡುತ್ತಿದ್ದಾರೆ, ಆಡಲಿ ಬಿಡಿ. ನಮ್ಮ ಹಳೆಯ ಶಾಸನಗಳು ವಿದ್ವಾಂಸರನ್ನು ಹೊಗಳುವಾಗ ಕವಿ, ಗಮಕಿ, ವಾದಿ, ವಾಗ್ಮಿ ಅಂತ ನಾಲ್ಕು ಜನರನ್ನು ಒಟ್ಟಿಗೆ ಹೇಳುತ್ತವೆ. ಬರೆದವನ ಪಕ್ಕದಲ್ಲೇ ಗಮಕಿಗೂ ಕುರ್ಚಿ. ಸುಮಾರು 850ರ ಕವಿರಾಜಮಾರ್ಗವಂತೂ, ಕೂತು ಓದದೇ ಇದ್ದರೂ ಕಾವ್ಯದ ಪ್ರಯೋಗ ಬಲ್ಲ ಜನ ಈ ನಾಡಿನವರು ಅಂತ ಹೆಮ್ಮೆಪಡುತ್ತದೆ. ಓದದವರಿಗೆ ಕಾವ್ಯ ಎಲ್ಲಿಂದ ಬಂತು? ಕಿವಿಯಿಂದ.

ಅದು ಹೇಗೆ ಬರುತ್ತಿತ್ತು ಅನ್ನೋದನ್ನು ನಾನೇ ಒಂದು ಸಲ ನೋಡಿದ್ದೇನೆ. 2001ರಿಂದ ಮೂರು ವರ್ಷ ಕರ್ನಾಟಕದಲ್ಲಿ ಸತತ ಬರ. ನಾನಾಗ ಪ್ರೈಮರಿ ಸ್ಕೂಲು. ಭರಮಸಾಗರಕ್ಕೆ ಆ ಹೆಸರು ಬಂದಿದ್ದೇ 1689ರಿಂದ 1721ರವರೆಗೆ ದುರ್ಗ ಆಳಿದ ಭರಮಣ್ಣನಾಯಕನ ಹೆಸರಿನ ಕೆರೆಯಿಂದ. ಆ ವರ್ಷಗಳಲ್ಲಿ ಸಾಗರ ಅನ್ನೋದು ಹೆಸರಲ್ಲಷ್ಟೇ ಉಳಿದಿತ್ತು, ನಾವು ಹುಡುಗರು ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ನಮ್ಮ ಜಿಲ್ಲೆಯ ಮಳೆ ಎಂಥದ್ದು ಅಂತ ತಿಳಿಯಬೇಕಾದರೆ ಹಿರಿಯೂರಿನ ವಾಣಿವಿಲಾಸ ಸಾಗರ ನೋಡಿ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು. 1933ರಲ್ಲಿ ಒಮ್ಮೆ ಕೋಡಿ ಬಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಒಂದಿಡೀ ತಲೆಮಾರು ಹುಟ್ಟಿ ಮುದುಕಾಗಿ ಹೋಯಿತು, ಕೋಡಿ ನೋಡದೆ.

ಇಂಥ ನಾಡಿನಲ್ಲಿ ಮಳೆ ಕೈಕೊಟ್ಟಾಗ ವಿರಾಟಪರ್ವ ಓದಿಸುವುದು ಹಳೆಯ ರೂಢಿ. ಮತ್ತೆ ನೋಡಿ, "ಓದಿಸುವುದು". ಕುಮಾರವ್ಯಾಸನ ಭಾರತದ ಹತ್ತು ಪರ್ವಗಳಲ್ಲಿ ಇದೇ ಯಾಕೆ ಅಂದರೆ ಕಾರಣ ಕತೆಯೊಳಗೇ ಇದೆ. ಅಜ್ಞಾತವಾಸದಲ್ಲಿರುವ ಪಾಂಡವರನ್ನು ಹುಡುಕುವುದು ಹೇಗೆ ಅಂತ ಕೌರವರು ತಲೆ ಕೆಡಿಸಿಕೊಂಡಾಗ, ಧರ್ಮರಾಯ ಇರುವ ನಾಡಿನಲ್ಲಿ ಮಳೆ ಬೆಳೆ ಚೆನ್ನಾಗಿರುತ್ತದೆ, ಅಂಥ ನಾಡು ಹುಡುಕಿ ಅಂತ ಭೀಷ್ಮ ಸುಳಿವು ಕೊಡುತ್ತಾನೆ. ಅಂದರೆ ಮಳೆ ಅಲ್ಲಿ ಸಾಕ್ಷಿ. ಜನ ಅದನ್ನು ತಿರುಗಿಸಿಕೊಂಡರು: ಧರ್ಮರಾಯನನ್ನು ನಮ್ಮೂರಿಗೆ ಕರೆದರೆ ಮಳೆ ಹಿಂದೆಯೇ ಬರಬೇಕಲ್ಲ!

ನಮ್ಮ ಬೀದಿಯ ಜಗಲಿಯಲ್ಲಿ ಆ ವರ್ಷ ಹಲವು ರಾತ್ರಿ ಓದಿಸಿದರು. ಓದಿದವರು ಒಬ್ಬರು ರಿಟೈರ್ಡ್ ಮೇಷ್ಟ್ರು. ಬಲ್ಬಿನ ಕೆಳಗೆ ಚಾಪೆ, ವ್ಯಾಸಪೀಠದ ಮೇಲೆ ಬೈಂಡು ಕಿತ್ತ ಪುಸ್ತಕ. ಅವರು ಒಂದು ಪದ್ಯ ರಾಗವಾಗಿ ಓದಿ ಅರ್ಥ ಹೇಳುತ್ತಿದ್ದರು. ಕೀಚಕ ಬಂದಾಗ ಹೆಂಗಸರು ಶಾಪ ಹಾಕುತ್ತಿದ್ದರು. ಉತ್ತರಕುಮಾರ ರಥದಿಂದ ಹಾರಿ ಓಡುವಾಗ ನಗೆಯೋ ನಗೆ. ನನಗೆ ಮರೆಯಲಾಗದ್ದು ಇದಲ್ಲ. ಒಂದು ರಾತ್ರಿ, ಹೆಬ್ಬೆಟ್ಟು ಒತ್ತುವ ಒಬ್ಬ ಮುದುಕ ಬೀಡಿ ಆರಿಸಿ ಎದ್ದು ನಿಂತು, "ಮೇಷ್ಟ್ರೇ, ಒಂದ್ ಪದ್ಯ ಬಿಟ್ರಲ್ಲ" ಅಂದ. ಮೇಷ್ಟ್ರು ಪುಟ ಹಿಂದಕ್ಕೆ ತಿರುಗಿಸಿದರು. ಎರಡು ಹಾಳೆ ಅಂಟಿಕೊಂಡಿದ್ದವು. ಅಕ್ಷರ ಬಾರದವನು ಅಕ್ಷರ ಬಂದವರನ್ನು, ಅದೂ ಪುಸ್ತಕ ಎದುರಿಗಿಟ್ಟುಕೊಂಡವರನ್ನು, ತಿದ್ದಿದ.

ಅವನಿಗೆ ಹೇಗೆ ಗೊತ್ತಾಯಿತು ಅಂತ ಆಗ ಬೆರಗಾಗಿದ್ದೆ. ಈಗ ಅದರ ಯಂತ್ರ ಅರ್ಥವಾಗುತ್ತದೆ. ಕುಮಾರವ್ಯಾಸ ಬಳಸಿದ್ದು ಭಾಮಿನಿ ಷಟ್ಪದಿ. ಪದ್ಯಕ್ಕೆ ಆರು ಸಾಲು. ಮೂರು ಮಾತ್ರೆ, ನಾಲ್ಕು ಮಾತ್ರೆ ಅಂತ ಗಣಗಳು ಒಂದಾದ ಮೇಲೊಂದು ಬರುತ್ತವೆ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರಕ್ಕೆ 23. ಒಟ್ಟು 102. ಇಷ್ಟು ಸಾಲದು ಅಂತ ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ, ಆದಿಪ್ರಾಸ. ಸಾಫ್ಟ್‌ವೇರ್ ಮಂದಿಗೆ ಹೇಳಬೇಕೆಂದರೆ ಇದು ಚೆಕ್‌ಸಮ್. ಒಂದು ಸಾಲು ಹಾರಿದರೆ ನಡಿಗೆ ಕುಂಟುತ್ತದೆ, ಪದ ಬದಲಾದರೆ ಪ್ರಾಸ ತಪ್ಪುತ್ತದೆ. ಎಣಿಸುವುದು ಬೇಡ, ಕಿವಿಗೇ ಗೊತ್ತಾಗುತ್ತದೆ. ಇಡೀ ಪದ್ಯವೇ ಹಾರಿಹೋದರೆ ಕತೆ ತಡವರಿಸುತ್ತದೆ, ವರ್ಷಗಟ್ಟಲೆ ಕೇಳಿದವನಿಗೆ ಅದು ತಕ್ಷಣ ಚುಚ್ಚುತ್ತದೆ. ಗಟ್ಟಿಯಾಗಿ ಹೇಳಿದ ಪದ ಮನಸ್ಸಲ್ಲೇ ಓದಿದ ಪದಕ್ಕಿಂತ ಹೆಚ್ಚು ನೆನಪಿರುತ್ತದೆ ಅಂತ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಕಾಲಿನ್ ಮೆಕ್‌ಲಿಯಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಮಗ್ಗಿ ಹೇಳಿಸುತ್ತಿದ್ದ ನಮ್ಮ ಕೂಲಿಮಠದ ಅಯ್ಯನವರು ಕೇಳಿದ್ದರೆ, ಇದಕ್ಕೊಂದು ಪ್ರಯೋಗ ಬೇರೆ ಬೇಕಿತ್ತಾ ಅನ್ನುತ್ತಿದ್ದರೇನೋ.

1951ರ ಜನಗಣತಿಯಲ್ಲಿ ದೇಶದಲ್ಲಿ ಓದುಬರಹ ಬಂದವರು ನೂರಕ್ಕೆ ಹದಿನೆಂಟು ಚಿಲ್ಲರೆ. 1958ರಲ್ಲಿ ಮೈಸೂರು ಸರ್ಕಾರ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಕುಮಾರವ್ಯಾಸ ಭಾರತವನ್ನು ಅಗ್ಗದ ಬೆಲೆಗೆ ಅಚ್ಚು ಹಾಕಿಸಿತು. ಆ ಪುಸ್ತಕದ ಒಂದು ಪ್ರತಿ ಊರಿಗೆ ಬಂದರೆ ಒಬ್ಬನೇ ಓದುಗ ಬಂದ ಅಂತ ಲೆಕ್ಕ ಹಾಕಬೇಡಿ. ಒಬ್ಬ ಓದಿದರೆ ಐವತ್ತು ಜನರಿಗೆ ಪುಸ್ತಕ ಸ್ವಂತ. ನಮ್ಮ ಬೀಡಿ ಮುದುಕ ಆ ಐವತ್ತರಲ್ಲಿ ಒಬ್ಬ.

ಮಳೆ ಬಂತಾ? ಆ ವರ್ಷ ಬರಲಿಲ್ಲ. ಆದರೆ ಹಾಗೆ ರಾತ್ರಿ ಸೇರಿದ ಜನ ಓದು ಮುಗಿದ ಮೇಲೂ ಏಳುತ್ತಿರಲಿಲ್ಲ. ಯಾರ ಮನೆಯಲ್ಲಿ ಮೇವು ಮುಗಿದಿದೆ, ಯಾರ ಬೋರ್ ಒಣಗಿದೆ, ಯಾರು ದನ ಮಾರಲು ಹೊರಟಿದ್ದಾರೆ ಎಲ್ಲಾ ಅಲ್ಲೇ ಹೊರಬೀಳುತ್ತಿತ್ತು. ಮನೆಯೊಳಗೆ ಮುಚ್ಚಿಟ್ಟುಕೊಳ್ಳುವ ಕಷ್ಟ ಅಲ್ಲಿ ಮಾತಾಗುತ್ತಿತ್ತು. ಈಗ ಹರಿಹರದ ಕಡೆಯಿಂದ ತುಂಗಭದ್ರೆಯ ನೀರು ಪೈಪಿನಲ್ಲಿ ಬಂದು ಭರಮಸಾಗರದ ಕೆರೆ ತುಂಬಿಸುತ್ತದೆ. ತುಂಬಿದ ಕೆರೆ ನೋಡಲು ನಾನು ಬೆಂಗಳೂರಿನಿಂದ ಕಾರು ಮಾಡಿಕೊಂಡು ಹೋಗಿದ್ದೆ, ಏರಿ ಮೇಲೆ ನಿಂತು ಅತ್ತೂ ಇದ್ದೆ. ವಿರಾಟಪರ್ವ ಓದಿಸುವ ಕೆಲಸ ಈಗ ಪಂಪ್‌ಸೆಟ್ಟಿನದು. ಅದರ ಬಗ್ಗೆ ನನಗೆ ಬೇಜಾರಿಲ್ಲ, ನೀರು ಬರಲಿ. ಆ ಜಗಲಿ ಖಾಲಿ ಆಯಿತಲ್ಲ, ಅದಕ್ಕೆ ಬೇಜಾರು.

ಜಗಲಿಯನ್ನು ಹೀಗೆ ಹಾಡಿಹೊಗಳುವಾಗ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಆ ರಾತ್ರಿಗಳಲ್ಲಿ ಎಲ್ಲರೂ ಜಗಲಿ ಮೇಲೆ ಕೂತಿರಲಿಲ್ಲ. ಕೆಲವರು ಬೀದಿಯ ಆಚೆ ಬದಿ ಬೇವಿನ ಮರದ ಕೆಳಗೆ ನಿಂತು ಕೇಳುತ್ತಿದ್ದರು. ಯಾಕೆ ಅಂತ ಹತ್ತು ವರ್ಷದ ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ದನಿಗೆ ಗೋಡೆ ಇಲ್ಲ, ಅದು ಮರದ ತನಕ ಹೋಗುತ್ತಿತ್ತು, ಅಷ್ಟು ನಿಜ. ದನಿಗೂ ಗೋಡೆ ಕಟ್ಟಿದವರು ನಮ್ಮಲ್ಲಿ ಇದ್ದರು. ವೇದ ಪಾಠದಲ್ಲಿ ಪದಗಳನ್ನು ಹಿಂದೆ ಮುಂದೆ ತಿರುಗಿಸಿ ಹೇಳುವ ಜಟೆ, ಘನ ಅನ್ನೋ ಕ್ರಮಗಳಿವೆ. ಒಂದು ಸ್ವರ ಕೂಡ ಕಳೆದುಹೋಗದ ಹಾಗೆ ಸಾವಿರಾರು ವರ್ಷ ಕಾಪಾಡಿದ ಅದ್ಭುತ ಅದು. ಯುನೆಸ್ಕೋ ಕೂಡ 2003ರಲ್ಲಿ ಗೌರವಿಸಿತು. ಆದರೆ ಅದನ್ನು ಹೇಳುವುದಿರಲಿ, ಕೇಳುವುದಕ್ಕೂ ಬಹುಜನರಿಗೆ ಹಕ್ಕಿರಲಿಲ್ಲ.

ಜಗಲಿಯ ಹಂಗೇ ಇಲ್ಲದೆ ತಮ್ಮದನ್ನು ತಾವೇ ಹೇಳಿಕೊಂಡವರೂ ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಕಾಡುಗೊಲ್ಲರು ಉದ್ದನೆ ಬಿದಿರಿನ ಗಣೆ ಊದಿಕೊಂಡು ಜುಂಜಪ್ಪನ ಕತೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಸಾವಿರಾರು ಹಾಡು ಬರುತ್ತಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಕೇಳಿ ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಕೊಟ್ಟಿತು. ಇಂಥ ಹಾಡಿಕೆಯಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಹಿಡಿಯುವವರು ಬರೀ ಕೋರಸ್ ಅಲ್ಲ. ಹೌದು, ಇದು ಹೀಗೇ ನಡೆಯಿತು ಅಂತ ಪ್ರತಿ ಸಾಲಿಗೂ ರುಜು ಹಾಕುವವರು ಅವರು.

ಹೀಗೆ ಗುಂಪಾಗಿ ಕೇಳಿಸಿಕೊಳ್ಳುವ ಜನ ಅಂದರೆ ಆಳುವವರಿಗೆ ಯಾವಾಗಲೂ ಇರಿಸುಮುರಿಸು. 1865ರಲ್ಲಿ ಕ್ಯೂಬಾದ ಹವಾನಾದಲ್ಲಿ ಎಲ್ ಫಿಗಾರೋ ಅನ್ನೋ ಚುಟ್ಟಾ ಕಾರ್ಖಾನೆಯ ಕೆಲಸಗಾರರು, ಎಲೆ ಸುತ್ತುವಾಗ ಯಾರಾದರೂ ಪತ್ರಿಕೆ, ಕಾದಂಬರಿ ಓದಲಿ ಅಂತ ಏರ್ಪಾಡು ಮಾಡಿಕೊಂಡರು. ಓದುವವನ ಕೂಲಿ ಇವರೇ ಕೂಡಿಸಿ ಕೊಟ್ಟರು. ಮರುವರ್ಷವೇ ಸ್ಪೇನಿನ ಆಡಳಿತ ಅದನ್ನು ನಿಷೇಧಿಸಿತು. ಅದೇ ಪುಸ್ತಕವನ್ನು ಒಬ್ಬೊಬ್ಬರೇ ಮನೆಯಲ್ಲಿ ಓದಿದ್ದರೆ ಯಾರಿಗೂ ಭಯ ಇರುತ್ತಿರಲಿಲ್ಲ ಅನಿಸುತ್ತದೆ. ಎಲ್ಲರೂ ಒಟ್ಟಿಗೆ ಕೇಳಿಸಿಕೊಂಡರು ಅನ್ನೋದೇ ತೊಂದರೆ.

ಈಗ ಅಜ್ಜಿಯ ಪ್ರಶ್ನೆಗೆ ವಾಪಸ್ಸು ಬರುತ್ತೇನೆ. ಆ ಪ್ರಶ್ನೆ ಬರೀ ಮುಯ್ಯಿಯದಲ್ಲ. ನಮ್ಮ ಮುತ್ತಜ್ಜನಿಗೆ ಕೆರೆಯ ಅಚ್ಚುಕಟ್ಟಿನಲ್ಲಿ ಎರಡು ಎಕರೆ ಇತ್ತಂತೆ. ಒಂದು ಬರದ ವರ್ಷ ಅದನ್ನು ಭೋಗ್ಯಕ್ಕೆ ಹಾಕಿ ಸಾಲ ತಂದ. ಸಾಲ ಕೊಟ್ಟವರ ಮನೆಯಲ್ಲೇ ಪತ್ರ ಬರೆಸಿ, ಅವರೇ ಓದಿ ಹೇಳಿ, ಇವನು ಹೆಬ್ಬೆಟ್ಟು ಒತ್ತಿದ. ಸಾಲ ತೀರಿಸಲು ಹೋದ ದಿನ ಗೊತ್ತಾಯಿತು: ಓದಿ ಹೇಳಿದ್ದು ಭೋಗ್ಯಪತ್ರ, ಬರೆದಿದ್ದದ್ದು ಶುದ್ಧ ಕ್ರಯಪತ್ರ. ಓದಿದವನು ಒಬ್ಬ, ಕೇಳಿದವನು ಒಬ್ಬ. ಮೂರನೇ ಕಿವಿ ಇರಲಿಲ್ಲ. ಆ ಗದ್ದೆ ಈಗಲೂ ಅಲ್ಲೇ ಇದೆ, ಈಗ ಕೆರೆ ನೀರೂ ಸಿಗುತ್ತದೆ, ನಮ್ಮದಲ್ಲ ಅಷ್ಟೇ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಾನೂನು. ಯಾವ ಕಾಗದವಾದರೂ ಸರಿ, ಜಗಲಿ ಮೇಲೆ ಗಟ್ಟಿಯಾಗಿ ಓದಬೇಕು, ಹೊರಗಿನವರು ಕನಿಷ್ಠ ಇಬ್ಬರು ಕೇಳಿಸಿಕೊಳ್ಳಬೇಕು. ಐದನೇ ಕ್ಲಾಸಿಗೆ ಬಂದ ಮೇಲೆ ಆ ಕೆಲಸ ನನ್ನ ತಲೆಗೆ ಬಂತು. ಸೊಸೈಟಿ ನೋಟಿಸು, ಕರೆಂಟ್ ಬಿಲ್ಲು, ಪಹಣಿ ಎಲ್ಲಾ ಓದಿದ್ದೇನೆ. 'ಸದರಿ', 'ಮೇಲ್ಕಂಡ', 'ಚಕ್ಕುಬಂದಿ' ಅನ್ನೋ ಪದಗಳು ನನಗೆ ಕಾದಂಬರಿಗಳಿಗಿಂತ ಮೊದಲೇ ಬಂದವು. ಅಜ್ಜಿಗೆ ಅರ್ಧ ಅರ್ಥ ಆಗುತ್ತಿರಲಿಲ್ಲ, ಆದರೂ ನಾನು ಎಲ್ಲಿ ತಡವರಿಸಿದೆ ಅಂತ ನೋಡುತ್ತಾ ಕೂರುತ್ತಿತ್ತು. "ಅಲ್ ಯಾಕ್ ನಿಂತೆ? ಮತ್ತೆ ಓದು." ನಾನು ತಡವರಿಸಿದಲ್ಲೇ ಏನೋ ಸಿಕ್ಕು ಇರುತ್ತದೆ ಅನ್ನೋದು ಅದರ ಲೆಕ್ಕ. ಎಷ್ಟೋ ಸಲ ಲೆಕ್ಕ ಸರಿಯಾಗಿಯೇ ಇರುತ್ತಿತ್ತು.

ಅಜ್ಜಿ ಕಂಡುಕೊಂಡ ಕಾನೂನು ಸರ್ಕಾರದ ಪುಸ್ತಕದಲ್ಲೂ ಇದೆ. 2024ರವರೆಗೆ ಜಾರಿಯಲ್ಲಿದ್ದ 1973ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 278ನೇ ಕಲಮಿನ ಪ್ರಕಾರ, ಬರೆದುಕೊಂಡ ಸಾಕ್ಷ್ಯವನ್ನು ಸಾಕ್ಷಿಗೆ ಓದಿ ಹೇಳಬೇಕಿತ್ತು, ಅದೂ ಆರೋಪಿಯ ಅಥವಾ ಅವನ ವಕೀಲರ ಎದುರಿಗೆ. ತಪ್ಪಿದ್ದರೆ ಅಲ್ಲೇ ತಿದ್ದಬೇಕಿತ್ತು. ಅಲ್ಲೂ ಮೂರನೇ ಕಿವಿ ಇತ್ತು ನೋಡಿ.

ಇದರ ಶಕ್ತಿ ಏನು ಅಂತ ದೇಶಕ್ಕೆ ತೋರಿಸಿದ್ದು ಮಾತ್ರ ನಮ್ಮ ಹಾಗೆಯೇ ಮಳೆ ಕಾಯುವ ರಾಜಸ್ಥಾನದ ಹಳ್ಳಿಗಳು. ಅಲ್ಲಿ ಬರದ ಕಾಮಗಾರಿಗಳಲ್ಲಿ ಕೂಲಿ ಸರಿಯಾಗಿ ಕೈಗೆ ಬರುತ್ತಿರಲಿಲ್ಲ, ಕಾಗದದಲ್ಲಿ ಎಲ್ಲಾ ಸರಿಯಾಗಿತ್ತು. 1990ರಲ್ಲಿ ಶುರುವಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾ ಅನ್ನೋ ಊರಿನಲ್ಲಿ ಒಂದು ಜನಸುನವಾಯಿ ನಡೆಸಿದರು. ಮಾಡಿದ್ದು ಇಷ್ಟೇ: ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರ ಜನರ ಎದುರು ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಬಾರದವರ ಹೆಸರಲ್ಲಿ ಕೂಲಿ ಆಗಿತ್ತು. ಆ ಪಟ್ಟಿಗಳು ಅದುವರೆಗೆ ಕಚೇರಿಯ ಬೀರುವಿನಲ್ಲಿದ್ದವು. ಅವನ್ನು ನೂರು ಸಲ ಮನಸ್ಸಲ್ಲೇ ಓದಿದ್ದರೂ ಏನೂ ಆಗುತ್ತಿರಲಿಲ್ಲ, ಯಾಕಂದರೆ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಅಂತ ಗೊತ್ತಿದ್ದದ್ದು ಓದುಬಾರದ ಆ ಜನಕ್ಕೆ. ನಮ್ಮ ಬೀಡಿ ಮುದುಕ ಮೇಷ್ಟ್ರನ್ನು ತಿದ್ದಿದ ಹಾಗೆಯೇ ಅವರು ಸರ್ಕಾರದ ಪಟ್ಟಿ ತಿದ್ದಿದರು. ಅಲ್ಲಿಂದ ಬೆಳೆದ ಹೋರಾಟ 2005ರ ಮಾಹಿತಿ ಹಕ್ಕು ಕಾಯ್ದೆಯವರೆಗೆ ಬಂತು. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಮಿನಲ್ಲಿ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆ ಸೇರಿತು. ಅದು ಎಲ್ಲಾ ಕಡೆ ಸರಿಯಾಗಿ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಮೈಕಿನಲ್ಲಿ ಗಡಗಡ ಓದಿ, ಅರ್ಧ ಗಂಟೆಯಲ್ಲಿ ಟೀ ಕುಡಿಸಿ ಕಳಿಸುವುದನ್ನು ಒಂದು ಕಡೆ ಕಣ್ಣಾರೆ ನೋಡಿದ್ದೇನೆ. ಓದುವ ಶಾಸ್ತ್ರ ಮುಗಿಸುವುದು ಬೇರೆ, ನಾಲ್ಕು ಜನಕ್ಕೆ ಕೇಳಿಸುವುದು ಬೇರೆ.

ಮದುವೆಯ ದಿನ ಅಜ್ಜಿ ನನ್ನನ್ನು ಬಿಡಲಿಲ್ಲ. ಕೈ ತೊಳೆಸಿ, ಟೇಬಲ್ ಹತ್ತಿರ ಎಳೆದುಕೊಂಡು ಹೋಯಿತು. ಬರೆಯುತ್ತಿದ್ದ ಹುಡುಗ ನನ್ನ ಫೋನಿನ ಪರದೆ ನೋಡಿ, ನಾಚಿಕೊಂಡೇ ಕೂಗಿದ. ಹೆಸರು, ಬೆಂಗಳೂರು, ಎರಡು ಸಾವಿರದ ಒಂದು. ಸಾಲಿನಲ್ಲಿ ನಿಂತಿದ್ದ ದೂರದ ದೊಡ್ಡಪ್ಪನೊಬ್ಬ ತಿರುಗಿ ನೋಡಿ, "ಓ, ನೀನೇನೋ ಇದು!" ಅಂದ. ಅಜ್ಜಿಗೆ ಸಮಾಧಾನ ಆಯಿತು.

ಬೆಂಗಳೂರಿಗೆ ಬಂದ ವಾರಕ್ಕೆ ಮನೆ ಬಾಡಿಗೆಯ ಹನ್ನೊಂದು ತಿಂಗಳ ಅಗ್ರಿಮೆಂಟು ಪಿಡಿಎಫ್ ಆಗಿ ಬಂತು. ಇಂಥವನ್ನು ಕೆಳಗೆ ಸರಸರ ಎಳೆದು ಸಹಿ ಮಾಡುವವನು ನಾನು. ಆ ಭಾನುವಾರ ಯಾಕೋ ಹಾಲಿನಲ್ಲಿ ನಿಂತು ಗಟ್ಟಿಯಾಗಿ ಓದಲು ಶುರು ಮಾಡಿದೆ. ರೂಮ್‌ಮೇಟ್ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ, ಮೊದಲು ನಕ್ಕ. ಒಂಬತ್ತನೇ ಕಲಮಿಗೆ ಬಂದಾಗ, ಪೇಂಟಿಂಗ್ ಖರ್ಚು ಮತ್ತು ಅಡ್ವಾನ್ಸ್ ಇರುವ ಕಡೆ, ನಾನು ಒಂದು ಕ್ಷಣ ತಡವರಿಸಿದೆ. ಚಾಕುವಿನ ಸದ್ದು ನಿಂತಿತು.

"ಏ, ತಾಳು," ಅಂದ ಅವನು ಒಳಗಿಂದಲೇ. "ಅದನ್ನ ಇನ್ನೊಂದ್ ಸಲ ಓದು."